ಮೂಲೆಯಲ್ಲೊಂದು ಕೂದಲು

ಇಂಡಿ,
೪ ಜುಲೈ ೧೯೭೮

ಗೆಳೆಯ ಪರಪ್ಪ,

ಅಪ್ಪನ ಎದುರಿಗೆ ನಿನ್ನನ್ನು ‘ಅಳಿಯಂದಿರು’ ಎಂದು ಬಹುವಚನದಲ್ಲಿ ಕರೆಯಬೇಕಾಗುತ್ತದೆ. ನನ್ನ ತಂಗಿಯ ಕೈಹಿಡಿದವನು, ಅಷ್ಟು ಮರ್ಯಾದೆ ಸಲ್ಲಲೇಬೇಕು. ಆದರೆ ಕಾಗದದಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ನೀನು ಮುದ್ದೇಬಿಹಾಳದ ಸೈನ್ಸ್ ಮಾಸ್ತರ, ನಾನು ಇಂಡಿಯ ಲಿಂಬಿ ತೋಟದವ, ಇಬ್ಬರ ಕೈಯಲ್ಲೂ ಒಂದೊಂದು ಡಬ್ಬಿ ಕ್ಯಾಮೆರಾ.

ನಿನ್ನ ರೋಲಿನ ಪ್ರಿಂಟುಗಳು ನಿನ್ನೆ ಬಂದವು. ಅದೇ ಅಂಚೆಯಲ್ಲಿ ಸಿಂದಗಿಯಿಂದ ಶಮಶುದ್ದೀನನ ಲಕೋಟೆಯೂ ಬಂತು. ದಿನಕ್ಕೊಂದು ಫೋಟೋ ತೆಗೆಯಬೇಕು, ರೋಲು ಮುಗಿದ ಕೂಡಲೇ ಉಳಿದಿಬ್ಬರಿಗೆ ಕಳಿಸಬೇಕು, ಟೀಕೆಯಲ್ಲಿ ಮುಲಾಜು ಇರಬಾರದು ಎಂದು ನಾವು ಮೂವರೂ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಮಾತಾಡಿಕೊಂಡೆವಲ್ಲ, ಅದನ್ನು ಅಕ್ಷರಶಃ ಪಾಲಿಸುತ್ತಿರುವವನು ಅವನೊಬ್ಬನೇ. ಈ ಸಲ ಇಡೀ ರೋಲು ಕಾಲುಗಳು. ಹಮಾಲರ ಕಾಲು, ಎತ್ತಿನ ಕಾಲು, ಬಸ್ಸಿನ ಮೆಟ್ಟಿಲ ಮೇಲೆ ಒಬ್ಬ ಮುದುಕಿಯ ಕಾಲು. ‘ಮುಖ ಯಾವಾಗ ತೆಗೀತೀಯೋ ಮಾರಾಯ?’ ಎಂದು ಒಂದರ ಬೆನ್ನಿಗೆ ಬರೆದು ವಾಪಸು ಕಳಿಸಿದ್ದೇನೆ.

ನಿನ್ನವುಗಳಲ್ಲಿ ಎತ್ತಿಗೆ ಲಾಳ ಬಡಿಯುವ ಚಿತ್ರ ಚಲೋ ಬಂದಿದೆ. ಕೆಡವಿದ ಎತ್ತಿನ ಕಣ್ಣು, ಬಿಗಿದ ಹಗ್ಗ ಎರಡೂ ಸಿಕ್ಕಿವೆ. ಆದರೆ ಬಡಿಯುವವನ ಕೈಯನ್ನು ಕತ್ತರಿಸಿದ್ದೀಯ. ಒಂದು ಹೆಜ್ಜೆ ಹಿಂದೆ ಸರಿದರೆ ನಿನ್ನ ಗಂಟೇನು ಹೋಗುತ್ತಿತ್ತು? ಕೆರೆಯ ಚಿತ್ರದಲ್ಲಿ ನೀರೆಲ್ಲ ಒಂದು ಕಡೆಗೆ ಚೆಲ್ಲಿಹೋಗುವ ಹಾಗಿದೆ. ಕ್ಯಾಮೆರಾ ಸೊಟ್ಟ ಹಿಡಿಯುವ ಚಟ ಮದುವೆಯಾದರೂ ಬಿಡಲಿಲ್ಲ.

ಹೊನ್ನಿಯ ಎರಡು ಫೋಟೋಗಳನ್ನು ಅವ್ವ ತನ್ನ ಹತ್ತಿರವೇ ಇಟ್ಟುಕೊಂಡಳು. ಪ್ರತಿ ರೋಲಿನಲ್ಲೂ ಮಗಳದು ಒಂದೆರಡು ಇರಬೇಕೆಂದು ಆಕೆ ಕೇಳಿದ್ದಕ್ಕೆ ನೀನು ಒಪ್ಪಿದೆಯಲ್ಲ, ಅದೇ ಅವಳಿಗೆ ಸಮಾಧಾನ. ‘ಕಣ್ಣಿಗೆ ಕಾಡಿಗಿ ಯಾಕ ಹಚ್ಚಿಲ್ಲ?’ ಎಂದು ಫೋಟೋವನ್ನೇ ಕೇಳುತ್ತ ಕೂಡುತ್ತಾಳೆ. ನನ್ನ ತಕರಾರು ಬೇರೆ. ಎರಡರಲ್ಲೂ ಮೇಲಿನ ಬಲಮೂಲೆಯಲ್ಲಿ ಒಂದು ಕರಿಯ ಗೆರೆ ಇದೆ, ಕೊಂಕಿದ ಕೂದಲಿನ ಹಾಗೆ. ಕ್ಯಾಮೆರಾದ ಒಳಗೆ ಫಿಲ್ಮಿನ ಮುಂದೆ ಕೂದಲೋ ನೂಲೋ ಸಿಕ್ಕಿಕೊಂಡಿದೆ. ಊದಿ ತೆಗೆ.

ಪಂಚಮಿಗೆ ಹೊನ್ನಿಯನ್ನು ಕರೆತರಲು ನಾನೇ ಬರುತ್ತೇನೆ. ಮದುವೆಯಾದ ಮೇಲೆ ಮೊದಲನೆಯ ಪಂಚಮಿ. ಯಾವತ್ತು ಬರಲಿ ತಿಳಿಸು. ಆಕೆಗೂ ಎರಡು ಸಾಲು ಬರೆಯಲು ಹೇಳು, ಅವ್ವನಿಗೆ ಓದಿ ಹೇಳುತ್ತೇನೆ.

ನಿನ್ನ
ಬಸಂತರಾಯ


ಮುದ್ದೇಬಿಹಾಳ,
೧೬ ಜುಲೈ ೧೯೭೮

ಪ್ರಿಯ ಬಸಂತ,

ಕ್ಯಾಮೆರಾ ಬಿಚ್ಚಿ ನೋಡಿದೆ. ಕೂದಲು ಇತ್ತು, ತೆಗೆದೆ. ನಿನ್ನ ಕಣ್ಣಿಗೆ ಏನೂ ತಪ್ಪುವುದಿಲ್ಲ.

ನಿನ್ನ ಲಿಂಬೆಹಣ್ಣಿನ ರಾಶಿ ಕೋಳಿಮೊಟ್ಟೆಯ ರಾಶಿಯಂತೆ ಕಾಣುತ್ತದೆ. ನಮ್ಮ ಕಪ್ಪು-ಬಿಳುಪಿನಲ್ಲಿ ಹಳದಿ ಉಳಿಯುವುದಿಲ್ಲ ಎಂದು ಎಷ್ಟು ಸಲ ಹೇಳಬೇಕು? ಇಳಿಹೊತ್ತಿನಲ್ಲಿ ಬೆಳಕು ಪಕ್ಕದಿಂದ ಬಂದಾಗ ತೆಗೆ, ಸಿಪ್ಪೆಯ ಒರಟು ಎದ್ದು ಕಾಣಲಿ. ಬಾವಿಯ ಗಡಗಡಿಯ ಚಿತ್ರ ಮಾತ್ರ ನನಗೆ ತುಂಬ ಹಿಡಿಸಿತು. ಸಾಲೆಯ ಲ್ಯಾಬಿನಲ್ಲಿ ಗೋಡೆಗೆ ಅಂಟಿಸಿದ್ದೇನೆ.

ಪಂಚಮಿಯ ಮಾತು. ಬಸವನ ಬಾಗೇವಾಡಿಯಲ್ಲಿ ನಮ್ಮ ಅವ್ವನ ಮೊಣಕಾಲು ಹಿಡಿದುಕೊಂಡಿದೆ, ಎದ್ದು ಓಡಾಡಲು ಬರುವುದಿಲ್ಲ. ಹೊನ್ನವ್ವ ಮೊನ್ನೆಯಷ್ಟೇ ಅಲ್ಲಿಗೆ ಹೋದಳು, ಅಲ್ಲಿಯೇ ಇರುತ್ತಾಳೆ. ಈ ಸಲ ಕಳಿಸುವುದು ಆಗಲಿಕ್ಕಿಲ್ಲ. ನೀನೂ ಅಷ್ಟು ದೂರ ಬಂದು ಹೋಗುವ ತೊಂದರೆ ತೆಗೆದುಕೊಳ್ಳಬೇಡ. ಅತ್ತೆಯವರಿಗೆ ಬೇಜಾರಾಗದಂತೆ ನೀನೇ ಹೇಳು. ಆಕೆಗೆ ಬರೆಯಲು ಪುರಸತ್ತು ಸಿಕ್ಕಿಲ್ಲ, ಮುಂದಿನ ಸಲ ಬರೆಯುತ್ತಾಳೆ.

ಹೋಗುವ ಮುಂಚೆ ತೆಗೆದ ಮೂರು ಫೋಟೋ ಇದರಲ್ಲಿವೆ.

ಪರಪ್ಪ


ಇಂಡಿ,
೨೧ ಆಗಸ್ಟ್ ೧೯೭೮

ಪರಪ್ಪ,

ಆಷಾಢ ಹೋಯಿತು, ಪಂಚಮಿಯೂ ಹೋಯಿತು. ಅವ್ವ ಅಂಗಳದ ಗಿಡಕ್ಕೆ ಜೋಕಾಲಿ ಕಟ್ಟಿಸಿದ್ದಳು. ಅಳ್ಳು, ತಂಬಿಟ್ಟು, ಶೇಂಗಾ ಉಂಡಿ ಎಲ್ಲ ಮಾಡಿದಳು. ಓಣಿಯ ಹೆಣ್ಣುಮಕ್ಕಳು ಬಂದು ಜೀಕಿ, ತಿಂದು ಹೋದರು. ಸಂಜೆ ಅವ್ವ ಒಂದೇ ಮಾತು ಅಂದಳು: ‘ಬೀಗತಿ ಮೊಣಕಾಲಿಗೆ ಸೊಸಿ ಬೇಕು, ಖರೆ. ತಾಯಿ ಕಣ್ಣಿಗೆ ಮಗಳು ಬ್ಯಾಡೇನು?’ ಅಪ್ಪ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ, ಎದ್ದು ತೋಟದ ಕಡೆ ನಡೆದ. ಅಕ್ಕ ಚನ್ನಕ್ಕ ತೀರಿಕೊಂಡಾಗಿನಿಂದ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮಾತು ಬಂದರೆ ಅವನು ಹೀಗೆಯೇ.

ಈಗ ಮೊನ್ನೆ ಬಂದ ನಿನ್ನ ಹೊಸ ರೋಲು. ಸಾಲೆಯ ಗಂಟೆಯ ಚಿತ್ರದಲ್ಲಿ ನೆರಳನ್ನು ಚೆನ್ನಾಗಿ ಬಳಸಿದ್ದೀಯ. ಸಂತೆಯಲ್ಲಿ ಬಳೆಗಾರ್ತಿಯ ಚಿತ್ರ ಅಲುಗಿದೆ, ಹರಿದು ಒಗೆ. ಇವು ಸ್ವಚ್ಛವಾಗಿವೆ, ಯಾವುದರಲ್ಲೂ ಆ ಕೂದಲಿಲ್ಲ.

ಆದರೆ ಹೊನ್ನಿಯ ಹೊಸ ಎರಡು ಫೋಟೋಗಳಲ್ಲಿ ಇದೆ, ಹೋದ ಸಲದ ಮೂರರಲ್ಲೂ ಇತ್ತು. ಅದೇ ಮೂಲೆ, ಅದೇ ಕೊಂಕು. ನೀನು ತೆಗೆದೆ ಎಂದ ಮೇಲೂ ಇದೆ. ಒಂದೇ ಕ್ಯಾಮೆರಾ, ಒಂದೇ ರೋಲು, ಮುಂದಿನ ಚಿತ್ರಕ್ಕಿಲ್ಲ, ಹಿಂದಿನದಕ್ಕಿಲ್ಲ, ಇವಳು ಎದುರು ನಿಂತಾಗ ಮಾತ್ರ ಬಂದು ಕೂಡುವ ಕೂದಲು ಎಂಥದು ಮಾರಾಯ?

ಇನ್ನೊಂದು. ಜುಲೈ ನಡುವಿನಿಂದ ಆಕೆ ಬಾಗೇವಾಡಿಯಲ್ಲಿದ್ದಾಳೆ ಎಂದು ಬರೆದಿದ್ದೆ. ಈ ಫೋಟೋಗಳ ಬೆನ್ನಿಗೆ ಆಗಸ್ಟ್ ತಿಂಗಳ ತಾರೀಖು ಹಾಕಿದ್ದೀಯ. ಆದರೆ ಆಕೆಯ ಹಿಂದಿರುವುದು ಮುದ್ದೇಬಿಹಾಳದ ನಿನ್ನ ಬಾಡಿಗೆ ಮನೆಯ ಗೋಡೆ. ಮದುವೆಯಾದ ಹೊಸದರಲ್ಲಿ ಬಂದಾಗ ಆ ಉದುರಿದ ಗಿಲಾವನ್ನು ನಾನೇ ಫೋಟೋ ತೆಗೆದಿದ್ದೆ, ಗುರುತು ತಪ್ಪುವುದಿಲ್ಲ.

ಜಗಳಕ್ಕೆ ಕೇಳುತ್ತಿಲ್ಲ. ತಿಳಿಯಲಿಲ್ಲ, ಕೇಳಿದೆ. ಹೊನ್ನಿಯ ಕೈಯಿಂದ ಎರಡು ಸಾಲು ಈ ಸಲವಾದರೂ ಬರಲಿ.

ಬಸಂತರಾಯ


ಮುದ್ದೇಬಿಹಾಳ,
೨ ಸೆಪ್ಟೆಂಬರ್ ೧೯೭೮

ಬಸಂತ,

ಆಕೆ ಬಾಗೇವಾಡಿಯಿಂದ ಎರಡು ದಿನದ ಮಟ್ಟಿಗೆ ಬಂದಿದ್ದಳು, ಆಗ ತೆಗೆದದ್ದು. ಕೂದಲಿನ ವಿಷಯ ನನಗೂ ಅರ್ಥವಾಗಿಲ್ಲ. ಪ್ರಿಂಟು ಮಾಡುವಾಗ ಗಾಜಿನ ಮೇಲೆ ಬಿದ್ದಿರಬೇಕು. ಲ್ಯಾಬಿನಲ್ಲಿ ಸಾವಿರ ಹುಡುಗರು ಕೈಯಾಡಿಸುತ್ತಾರೆ.

ನೀನು ಭೂತಗನ್ನಡಿ ಸ್ವಲ್ಪ ಬದಿಗಿಡು. ಫೋಟೋ ಎಂದರೆ ಪಂಚನಾಮೆಯಲ್ಲ.

ಈ ಸಲ ಪರೀಕ್ಷೆಯ ಗಡಿಬಿಡಿ. ಟೀಕೆ ಆಮೇಲೆ ಬರೆಯುತ್ತೇನೆ. ಅತ್ತೆಯವರಿಗೆ ಎಂದು ಹೊನ್ನವ್ವನ ಎರಡು ಫೋಟೋ ಇಟ್ಟಿದ್ದೇನೆ. ಆಕೆ ಆರಾಮ ಇದ್ದಾಳೆ.

ಪರಪ್ಪ


ಇಂಡಿ,
೧೭ ಸೆಪ್ಟೆಂಬರ್ ೧೯೭೮

ಶಮಶುದ್ದೀನ,

ಈ ಕಾಗದವನ್ನು ಅಂಗಡಿಯಲ್ಲಿ ಓದಬೇಡ. ಮನೆಗೆ ಹೋಗಿ ಓದು. ಇದರಲ್ಲಿ ಫೋಟೋದ ಮಾತು ಇದೆ, ಆದರೆ ಟೀಕೆಯಲ್ಲ.

ಪರಪ್ಪ ಈ ಸಲ ಕಳಿಸಿದ ಹೊನ್ನಿಯ ಫೋಟೋಗಳು ಬೇರೆಯವುಗಳಿಗಿಂತ ಸಣ್ಣವು. ಮೇಲಿನ ಬಲಮೂಲೆ ಇರುವ ಅಂಚನ್ನೇ ಕತ್ತರಿಯಿಂದ ನೇರಕ್ಕೆ ಕತ್ತರಿಸಿ ತೆಗೆದಿದ್ದಾನೆ. ಆಕೆಯ ಹಿಂದಿನ ಫೋಟೋಗಳಲ್ಲೆಲ್ಲ ಕೂದಲಿನಂಥ ಗೆರೆ ಇದ್ದ ಜಾಗ ಅದೇ. ಸುಮ್ಮನೆ ಇದ್ದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಕತ್ತರಿಸಿದ್ದರಿಂದ ಎಚ್ಚರವಾಯಿತು.

ಜುಲೈಯಿಂದ ಬಂದ ಹೊನ್ನಿಯ ಫೋಟೋಗಳನ್ನೆಲ್ಲ ಅವ್ವನ ಪೆಟ್ಟಿಗೆಯಿಂದ ಇಸಿದುಕೊಂಡು ಉಗ್ರಾಣದಲ್ಲಿ ಹರಡಿಕೊಂಡು ಕೂತೆ. ಸೀರೆ ಬೇರೆ ಬೇರೆ. ಒಂದರಲ್ಲಿ ಬಿಂದಿಗೆ, ಒಂದರಲ್ಲಿ ಮೊರ, ಒಂದರಲ್ಲಿ ಬರಿಗೈ. ಆದರೆ ಎಲ್ಲದರಲ್ಲೂ ಕಾಲಿನ ಬುಡದಲ್ಲಿ ಬಿಳಿಯ ಚುಕ್ಕೆಗಳಿವೆ. ಮೊದಲು ಪ್ರಿಂಟಿನ ಹೈಪೋ ದ್ರಾವಣ ಸರಿಯಾಗಿ ತೊಳೆದಿಲ್ಲ ಎಂದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ ಬೇವಿನ ಹೂ. ನೀನೇ ಹೇಳು, ಬೇವು ಯಾವಾಗ ಹೂ ಬಿಡುತ್ತದೆ? ಯುಗಾದಿಗೆ. ಇವು ಆಷಾಢ ಶ್ರಾವಣದ ಫೋಟೋಗಳು ಎಂದು ಬೆನ್ನಿಗೆ ಬರೆದಿದೆ. ಬಿಸಿಲೂ ಅದೇ, ಗೋಡೆಯ ಮೇಲೆ ಬಿದ್ದ ಸೂರಿನ ನೆರಳೂ ಅದೇ. ಇವೆಲ್ಲ ಒಂದೇ ದಿನ, ಒಂದೇ ರೋಲಿನಲ್ಲಿ ತೆಗೆದವು. ಅದನ್ನು ಎರಡು ಮೂರು ಎಂದು ಹಂಚಿ ಹಂಚಿ ನಮಗೆ ಕಳಿಸುತ್ತಿದ್ದಾನೆ.

ಹಾಗಾದರೆ ಆ ಬೇಸಿಗೆಯ ಆಚೆಗೆ ನನ್ನ ತಂಗಿ ಎಲ್ಲಿದ್ದಾಳೆ?

ಒಂದು ಸಾಲೂ ಆಕೆಯ ಕೈಬರಹ ಬಂದಿಲ್ಲ. ಮೆಟ್ರಿಕ್ ಪಾಸಾದ ಹುಡುಗಿ, ಸಂತೆಗೆ ಚೀಟಿ ಬರೆದರೂ ಪುಟ ತುಂಬಿಸುತ್ತಿದ್ದಳು. ಒಮ್ಮೊಮ್ಮೆ ಹೆಣ್ಣುಮಕ್ಕಳು ಬಿದ್ದು ಸತ್ತ ಬಾವಿಗಳ ನೆನಪಾಗಿ ಎದ್ದು ತೋಟದಲ್ಲಿ ಓಡಾಡಿ ಬರುತ್ತೇನೆ. ಇದು ನಾನೇ ಮುಂದೆ ನಿಂತು ಮಾಡಿಸಿದ ಸಂಬಂಧ. ‘ಫೋಟೋ ತೆಗಿಯೋರು ಮನಸ್ಸಿಲೆ ಮೆತ್ತಗಿರ್ತಾರ’ ಎಂದು ಅಪ್ಪನಿಗೆ ಹೇಳಿ ಒಪ್ಪಿಸಿದವನು ನಾನು.

ನಾನೇ ಹೋದರೆ ಅಪ್ಪನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಅವನು ಒಬ್ಬನೇ ಹೋಗುವುದಿಲ್ಲ, ಹತ್ತು ಜನರನ್ನು ಕಟ್ಟಿಕೊಂಡು ಹೋಗುತ್ತಾನೆ. ನನ್ನ ಸಂಶಯ ಸುಳ್ಳಾಗಿದ್ದರೆ ಎರಡು ಮನೆತನ ಮುರಿದಂತೆ. ನೀನು ತೊಗರಿ ಖರೀದಿಗೆ ಆ ಕಡೆ ಹೋಗುತ್ತೀಯಲ್ಲ. ಏನಾದರೂ ನೆವ ಮಾಡಿ ಹೊನ್ನಿಯನ್ನು ಕಣ್ಣಾರೆ ನೋಡಿ ಬಾ.

ಬಸಂತರಾಯ


ಸಿಂದಗಿ,
೯ ಅಕ್ಟೋಬರ್ ೧೯೭೮

ಬಸಂತಣ್ಣಾ,

ಮುದ್ದೇಬಿಹಾಳಕ್ಕೆ ಹೋಗಿ ಬಂದೆ. ಬಂದು ಎರಡು ದಿನವಾದರೂ ಪೆನ್ನು ಏಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೆವಕ್ಕೆ ಕಷ್ಟಪಡಬೇಕಾಗಲಿಲ್ಲ. ನಮ್ಮ ಅಮ್ಮ ಸೈದಾಬಿ ತಾನಾಗಿಯೇ ಒಂದು ಡಜನ್ ಹಸಿರು ಬಳೆ ಕಟ್ಟಿಕೊಟ್ಟು, ‘ಮದವಿಗೆ ಹೋಗಾಕ ಆಗಲಿಲ್ಲ, ಆ ಹುಡುಗಿ ಕೈಯಾಗ ನೀನ ಕೊಡು’ ಅಂದಳು. ನಾನು ಸೀದಾ ಸಾಲೆಗೆ ಹೋದೆ. ಪರಪ್ಪ ನನ್ನನ್ನು ನೋಡಿ ನಕ್ಕ, ಆದರೆ ಆ ನಗೆ ಫೋಟೋಗೆ ನಿಂತವರ ನಗೆಯಂತಿತ್ತು. ಮನೆಗೆ ಹೋಗೋಣ ಅನ್ನಲಿಲ್ಲ. ಖಾನಾವಳಿಗೆ ಕರೆದುಕೊಂಡು ಹೋದ. ನಾನು ಬಳೆಯ ಮಾತು ತೆಗೆದೆ.

‘ನನ್ನ ಕೈಯಾಗ ಕೊಡು, ನಾ ಕೊಡ್ತೇನಿ.’

‘ಕೈಗೇ ಕೊಡಬೇಕಂತ ಅಮ್ಮ ಹೇಳ್ಯಾಳ.’

‘ಆಕಿ ಬಾಗೇವಾಡಿಗೆ ಹೋಗ್ಯಾಳಲ್ಲ.’

‘ಹಂಗಾದ್ರ ನಾ ಬಾಗೇವಾಡಿ ಮ್ಯಾಲೇ ಹೊಂಟೇನಿ. ಅಲ್ಲೇ ಕೊಡ್ತೇನಿ.’

ಅವನ ಕೈಯಲ್ಲಿದ್ದ ರೊಟ್ಟಿಯ ತುತ್ತು ಹಾಗೆಯೇ ನಿಂತಿತು. ‘ಬ್ಯಾಡ ಶಮಶು, ಅಲ್ಲಿ ಅವ್ವಗ ಮೊಣಕಾಲು ಹಿಡದೈತಿ, ಸುಮ್ಮನ ತ್ರಾಸ’ ಅಂದ. ಅವನು ತಿರುಗಿ ಸಾಲೆಗೆ ಹೋದ ಮೇಲೆ ನಾನು ಅವನ ಮನೆಯ ಕಡೆ ನಡೆದೆ. ಬೀಗ ಹಾಕಿತ್ತು. ಗೋಡೆಯಾಚೆ ಇಣುಕಿದೆ, ಅಲ್ಲಾ ಕ್ಷಮಿಸಲಿ. ಹಗ್ಗದ ಮೇಲೆ ಒಂದು ಧೋತರ, ಒಂದು ಅಂಗಿ. ಹೆಣ್ಣುಮಕ್ಕಳ ಬಟ್ಟೆ ಒಂದೂ ಇರಲಿಲ್ಲ. ಅಂಗಳದಲ್ಲಿ ರಂಗೋಲಿಯ ಗುರುತೂ ಇರಲಿಲ್ಲ.

ಬಸವನ ಬಾಗೇವಾಡಿಯಲ್ಲಿ ಇಳಿದು ಅವರ ಮನೆ ಕೇಳಿಕೊಂಡು ಹೋದೆ. ಪರಪ್ಪನ ತಾಯಿ ತುಂಬಿದ ಕೊಡ ಟೊಂಕದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದರು. ನಾನು ಬಾಯಿ ತಪ್ಪಿ, ‘ಮೊಣಕಾಲು ಹೆಂಗೈತ್ರಿ?’ ಅಂದೆ. ‘ನನ್ನ ಮೊಣಕಾಲಿಗೆ ಏನಾಗೈತೋ ಯಪ್ಪಾ?’ ಎಂದು ನಕ್ಕರು. ಇಂಡಿಯ ಬಸಂತರಾಯನ ಗೆಳೆಯ ಎಂದು ಹೇಳಿಕೊಂಡ ಕೂಡಲೇ ಒಳಗೆ ಕರೆದು ಕೂರಿಸಿ, ನಾನು ಏನೂ ಕೇಳುವ ಮೊದಲೇ ಅವರೇ ಕೇಳಿದರು:

‘ನಮ್ಮ ಸೊಸಿ ತವರಾಗ ಆರಾಮ ಅದಾಳಿಲ್ಲ? ಪಂಚಮಿಗೆ ಅಂತ ಹೋದಾಕಿ ಬರಲೇ ಇಲ್ಲ. ಇಂಡಿಯಾಗ ತಾಯಿಗೆ ಜಡ್ಡು ಅಂತ ಪರಪ್ಪ ಹೇಳಿದ.’

ಬಸಂತಣ್ಣಾ, ನಾನು ಬಳೆಯ ಗಂಟನ್ನು ಚೀಲದೊಳಗೆ ತಳ್ಳಿದೆ. ‘ಹೌದ್ರಿ, ಆರಾಮ ಅದಾರ್ರಿ’ ಅಂದೆ. ಬೇರೆ ಏನು ಹೇಳಲಿ? ಬಳೆಗಳನ್ನು ವಾಪಸು ತಂದಿದ್ದೇನೆ. ಅಮ್ಮ ಕೇಳಿದಳು, ನಾನು ಸುಳ್ಳು ಹೇಳಿದೆ.

ಪರಪ್ಪ ಅಂಥವನಲ್ಲ ಎಂದು ಬರೆಯಬೇಕು ಎಂದು ಈ ಕಾಗದ ಶುರುಮಾಡಿದ್ದೆ. ಈಗ ಆ ಮಾತು ಬರೆಯಲು ಧೈರ್ಯವಾಗುತ್ತಿಲ್ಲ.

ನಿನ್ನ
ಶಮಶುದ್ದೀನ


ಇಂಡಿ,
೧೨ ಅಕ್ಟೋಬರ್ ೧೯೭೮

ಶ್ರೀ ಪರಪ್ಪನವರಿಗೆ,

ನೀವು ನಿಮ್ಮ ತಾಯಿಗೆ ಹೊನ್ನವ್ವ ಇಂಡಿಯಲ್ಲಿದ್ದಾಳೆ ಎಂದು ಹೇಳಿದ್ದೀರಿ. ನಮ್ಮ ತಾಯಿಗೆ ಬಾಗೇವಾಡಿಯಲ್ಲಿದ್ದಾಳೆ ಎಂದು ಬರೆದಿದ್ದೀರಿ. ಎರಡೂ ಊರಿನಲ್ಲಿ ಆಕೆ ಇಲ್ಲ. ನಿಮ್ಮ ಮನೆಯಲ್ಲೂ ಇಲ್ಲ.

ನೀವು ಕಳಿಸಿದ ಫೋಟೋಗಳೆಲ್ಲ ಒಂದೇ ದಿನದವು ಎಂದು ನನಗೆ ಗೊತ್ತಾಗಿದೆ. ಬೇವಿನ ಹೂವನ್ನು ಕತ್ತರಿಸಲು ನಿಮಗೆ ತೋಚಲಿಲ್ಲ. ದಿನಕ್ಕೊಂದು ಫೋಟೋ ಎಂಬ ನಮ್ಮ ಆಟವನ್ನು ನೀವು ಯಾವುದಕ್ಕೆ ಬಳಸಿಕೊಂಡಿರಿ ಎಂದು ನೆನೆದರೆ ಕ್ಯಾಮೆರಾ ಮುಟ್ಟಲು ಮನಸ್ಸಾಗುತ್ತಿಲ್ಲ.

ನಮ್ಮ ತಂದೆಗೆ ಇನ್ನೂ ಹೇಳಿಲ್ಲ. ಬರುವ ಸೋಮವಾರದೊಳಗೆ ಹೊನ್ನವ್ವನ ಕೈಬರಹದಲ್ಲಿ ಕಾಗದ ಬರಬೇಕು. ಬರದಿದ್ದರೆ ಈ ಫೋಟೋಗಳನ್ನು ತೆಗೆದುಕೊಂಡು ಪೊಲೀಸ್ ಫೌಜದಾರರ ಕಡೆ ಹೋಗುತ್ತೇನೆ. ಆಕೆಗೆ ಏನಾದರೂ ಆಗಿದ್ದರೆ ನೀವು ಮಾಸ್ತರರು, ನನ್ನ ಗೆಳೆಯರು ಎಂಬುದನ್ನೆಲ್ಲ ನಾನು ನೋಡುವುದಿಲ್ಲ.

ಬಸಂತರಾಯ


ಮುದ್ದೇಬಿಹಾಳ,
೧೪ ಅಕ್ಟೋಬರ್ ೧೯೭೮

ಬಸಂತ,

ಹೊನ್ನವ್ವ ಬದುಕಿದ್ದಾಳೆ, ಕ್ಷೇಮವಾಗಿದ್ದಾಳೆ. ಉಳಿದದ್ದನ್ನು ಹೇಳುವುದಿಲ್ಲ ಎಂದು ಆಕೆಗೆ ಮಾತು ಕೊಟ್ಟಿದ್ದೇನೆ, ಆಕೆಯೇ ಹೇಳಬೇಕು. ನಿನ್ನ ಕಾಗದವನ್ನು ಆಕೆಗೆ ಕಳಿಸಿದ್ದೇನೆ. ಸೋಮವಾರದ ಮೇಲೆ ಒಂದೆರಡು ದಿನ ತಡೆ, ಇಷ್ಟೇ ಬೇಡಿಕೊಳ್ಳುತ್ತೇನೆ.

ನೀನು ಬಹುವಚನದಲ್ಲಿ ಬರೆದದ್ದನ್ನು ಓದಿದೆ.

ಪರಪ್ಪ


ವಿಜಾಪುರ,
೧೭ ಅಕ್ಟೋಬರ್ ೧೯೭೮

ಅಣ್ಣಾ,

ನಾನು ಬದುಕಿದ್ದೇನೆ. ಮೊದಲು ಇದನ್ನು ಓದಿ ಉಸಿರು ಬಿಡು, ಆಮೇಲೆ ಉಳಿದದ್ದಕ್ಕೆ ಸಿಟ್ಟು ಮಾಡು.

ಜೂನ್ ತಿಂಗಳಿನಿಂದ ನಾನು ವಿಜಾಪುರದಲ್ಲಿದ್ದೇನೆ. ನರ್ಸ್ ಟ್ರೇನಿಂಗಿಗೆ ಸೇರಿದ್ದೇನೆ. ಹೆರಿಗೆ ಮಾಡಿಸುವುದನ್ನು ಕಲಿಯುತ್ತಿದ್ದೇನೆ. ಎರಡು ವರ್ಷ ಹಾಸ್ಟೆಲಿನಲ್ಲಿರಬೇಕು. ಲಗ್ನವಾದವಳು ಬೇಡ ಎಂದು ಮೊದಲು ತಿರುಗಿಸಿ ಕಳಿಸಿದ್ದರು. ಇವರು ಬಂದು ಸಹಿ ಮಾಡಿ, ‘ನನ್ನ ಒಪ್ಪಿಗಿ ಐತ್ರಿ’ ಎಂದ ಮೇಲೆ ತೆಗೆದುಕೊಂಡರು. ನಿನ್ನ ಗೆಳೆಯನನ್ನು ಏನೇನೋ ಅಂದಿದ್ದೀಯ. ಅವರು ನನ್ನನ್ನು ಎಲ್ಲಿಯೂ ನೂಕಿಲ್ಲ. ನಾನೇ ಮದುವೆಯಾದ ಎರಡನೆಯ ತಿಂಗಳು ಕೇಳಿದೆ. ಅವರು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ, ‘ಎಲ್ಲಿ ಅರ್ಜಿ ಹಾಕಬೇಕಂತ ಕೇಳಿಕೊಂಡ ಬಂದೇನಿ’ ಅಂದರು.

ಫೋಟೋದ ಉಪಾಯವೂ ನನ್ನದೇ. ಸಾಲೆಗೆ ರಜೆ ಇದ್ದ ಒಂದು ಮಧ್ಯಾಹ್ನ ಇದ್ದ ಸೀರೆಗಳನ್ನೆಲ್ಲ ಉಟ್ಟು ಬಿಚ್ಚಿ ಉಟ್ಟು ಬಿಚ್ಚಿ ನಿಂತೆ. ಒಂದು ರೋಲು ಪೂರ್ತಿ. ‘ನಿಮ್ಮಣ್ಣನ ಕಣ್ಣಿಗೆ ಸೂಜಿ ಬಿದ್ರೂ ಕಾಣತೈತಿ’ ಎಂದು ಇವರು ಅಂಜಿದರು. ನಾನು, ‘ಅಣ್ಣ ಫೋಟೋ ನೋಡತಾನ, ನನ್ನ ನೋಡಾಂವಲ್ಲ’ ಅಂದೆ. ಯಾಕೆ ಅಂದೆ ಗೊತ್ತೇನು? ಮೆಟ್ರಿಕ್ ಪಾಸಾದ ದಿನ ಮುಂದೆ ಕಲಿಯುತ್ತೇನೆ ಎಂದು ಹೇಳಲು ನಿನ್ನ ಹತ್ತಿರವೇ ಮೊದಲು ಬಂದಿದ್ದೆ. ನೀನು ನೆಗೆಟಿವ್ ಒಣಹಾಕುತ್ತಿದ್ದೆ. ತಲೆ ಎತ್ತದೆ ‘ಅಪ್ಪನ್ನ ಕೇಳು’ ಅಂದೆ.

ಅಪ್ಪನನ್ನು ಹೇಗೆ ಕೇಳಲಿ? ಚನ್ನಕ್ಕ ಸತ್ತಾಗ ನೀನು ಸೋಲಾಪುರದಲ್ಲಿ ಓದುತ್ತಿದ್ದೆ. ‘ಹೆರಿಗ್ಯಾಗ ತೀರಿಕೊಂಡಳು’ ಎಂದು ನಿನಗೆ ತಾರು ಬಂತು, ಅಷ್ಟೇ. ಆದದ್ದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಡಾಕ್ಟರು ಮಧ್ಯಾಹ್ನವೇ ಬಂದಿದ್ದರು ಅಣ್ಣಾ. ಅಪ್ಪ ಬಾಗಿಲಿಗೆ ಅಡ್ಡ ನಿಂತು, ‘ಗಂಡಸು ನಮ್ಮ ಮನಿ ಬಾಣಂತಿ ಕ್ವಾಣಿಗೆ ಕಾಲಿಡೂದಿಲ್ಲ’ ಅಂದ. ಡಾಕ್ಟರು ಕೈಮುಗಿದು, ‘ಹಂಗಾದ್ರ ನರ್ಸಬಾಯಿನರೆ ಕರಸ್ರಿ’ ಅಂದರು. ಎಲ್ಲಿಂದ ಕರೆಸುವುದು? ಊರಲ್ಲಿ ಇರಲಿಲ್ಲ. ಅವರು ಹೊತ್ತು ಮುಳುಗುವ ತನಕ ಅಂಗಳದಲ್ಲೇ ಕೂತಿದ್ದರು. ಒಳಗೆ ಚನ್ನಕ್ಕ ನೀರು ಕೇಳುತ್ತಿದ್ದಳು. ನಾನು ಕೊಟ್ಟೆ. ನನಗೆ ಅಷ್ಟೇ ಬರುತ್ತಿತ್ತು.

ಅವ್ವನಿಗೆ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಕ್ಯಾಮೆರಾದ ಮುಂದೆ ನಿಂತು ಸುಳ್ಳು ಹೇಳುವುದು ಆಯಿತು. ಕೈಯಾರೆ ಬರೆದು ಹೇಳುವುದು ಆಗಲಿಲ್ಲ.

ನೀನು ಆ ಫೋಟೋಗಳನ್ನು ಅಷ್ಟು ನೋಡುತ್ತೀ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿ ಸಿಟ್ಟೂ ಬಂತು, ಅಳುವೂ ಬಂತು. ಈಗ ಸಂಶಯಪಡುವ ಸರದಿ ನನ್ನದು. ಇದು ಅಪ್ಪನ ಕೈಗೆ ಹೋದರೆ ನಾಳೆಯೇ ಬಂದು ಎಳೆದುಕೊಂಡು ಹೋಗುತ್ತಾನೆ. ನೀನು ಏನು ಮಾಡುವವನು, ನನಗೆ ತಿಳಿಯದು.

ನಿನ್ನ ತಂಗಿ
ಹೊನ್ನವ್ವ


ಇಂಡಿ,
೮ ನವೆಂಬರ್ ೧೯೭೮

ಪ್ರಿಯ ಶಮಶುದ್ದೀನ,

ಹೊನ್ನಿ ಸಿಕ್ಕಳು ಎಂದು ಕಾರ್ಡಿನಲ್ಲಿ ಒಂದೇ ಸಾಲು ಬರೆದಿದ್ದೆ. ದೀಪಾವಳಿಯ ನಂತರ ಈಗ ಎಲ್ಲವನ್ನೂ ಬರೆಯುತ್ತಿದ್ದೇನೆ. ಆಕೆ ಬರೆದ ಕಾಗದವನ್ನೂ ಇದರ ಜೊತೆಗೆ ಇಟ್ಟಿದ್ದೇನೆ. ನೀನು ಗೋಡೆಯಾಚೆ ಇಣುಕಿ ಪಾಪ ಕಟ್ಟಿಕೊಂಡವನು, ಓದುವ ಹಕ್ಕು ನಿನಗಿದೆ.

ಕಾಗದ ಬಂದ ಮೇಲೆ ಲಿಂಬೆಹಣ್ಣಿನ ವ್ಯಾಪಾರದ ನೆವ ಹೇಳಿ ವಿಜಾಪುರಕ್ಕೆ ಹೋದೆ. ನಂಬಿಕೆ ಬಂದಿರಲಿಲ್ಲ. ಕೈಬರಹ ಆಕೆಯದೇ, ಆದರೂ ಯಾರೋ ಬೆದರಿಸಿ ಬರೆಸಿರಬಹುದು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಸಂಶಯ ಒಮ್ಮೆ ಒಳಗೆ ಬಂದರೆ ಬೇಗ ಎದ್ದು ಹೋಗುವುದಿಲ್ಲ. ಆಸ್ಪತ್ರೆಯ ಹಿಂದಿನ ಹಾಸ್ಟೆಲಿನಿಂದ ಆಕೆ ಬಿಳಿ ಸೀರೆ ಉಟ್ಟು ಬಂದಳು. ನನ್ನ ಹಿಂದೆ ಬೀದಿಯ ಕಡೆ ನೋಡಿದಳು. ‘ಒಬ್ಬನ ಬಂದೀಯೇನು?’ ಎಂಬುದೇ ಮೊದಲ ಮಾತು.

‘ಒಬ್ಬನ ಬಂದೇನಿ.’

‘ಅಪ್ಪಗ ಹೇಳ್ತೀಯೇನು?’

ನಾನು ಹೇಳುವುದಿಲ್ಲ ಅನ್ನಲೂ ಇಲ್ಲ, ಹೇಳುತ್ತೇನೆ ಅನ್ನಲೂ ಇಲ್ಲ. ಆಕೆ ಕೆಲಸವಿದೆ ಎಂದು ಒಳಗೆ ಹೋದಳು.

ಊರಿಗೆ ಬಂದು ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಅಪ್ಪನಿಗಲ್ಲ, ಅವ್ವನಿಗೆ. ಚನ್ನಕ್ಕನ ಭಾಗ ಬಂದಾಗ ನಿಲ್ಲಿಸಲು ನೋಡಿದೆ. ‘ಓದು’ ಅಂದಳು. ಕೊನೆಯ ತನಕ ಕೇಳಿ ಎದ್ದು ಹೋಗಿ ಹೋಳಿಗೆಯ ಹೂರಣ ರುಬ್ಬತೊಡಗಿದಳು. ನನಗೆ ಏನೂ ತಿಳಿಯಲಿಲ್ಲ. ಹಬ್ಬ ಮುಗಿದ ಮರುದಿನ ಅಪ್ಪ ಊಟಕ್ಕೆ ಕೂತಾಗ ರೊಟ್ಟಿ ಬಡಿಸುತ್ತ ತಾನೇ ಹೇಳಿಬಿಟ್ಟಳು:

‘ಹೊನ್ನಿ ವಿಜಾಪುರದಾಗ ನರ್ಸ ಆಗಾಕತ್ತಾಳ. ನಾಳೆ ನೋಡಾಕ ಹೊಂಟೇನಿ.’

ಅಪ್ಪ ತಾಟು ಸರಿಸಿದ. ಕೂಗಾಡಿದ ಮಾತುಗಳನ್ನು ಬರೆಯುವುದಿಲ್ಲ. ಆ ಮಗಳು ಇನ್ನು ಈ ಹೊಸ್ತಿಲು ದಾಟಬಾರದು ಅಂದ. ‘ಆಕಿ ಮುಟ್ಟೂ ರಕ್ತ ಯಾರದು, ಯಾವ ಜಾತಿದು, ನಿನಗ ಗೊತ್ತೈತೇನು?’ ಎಂದು ಕೇಳಿದ.

ಅವ್ವ ದನಿ ಎತ್ತಲಿಲ್ಲ. ‘ಚನ್ನಿ ರಕ್ತ ನಾ ಬಳದೇನಿ. ಅದಕ್ಕ ಜಾತಿ ಇರಲಿಲ್ಲ’ ಅಂದಳು.

ಚನ್ನಕ್ಕನ ಹೆಸರು ಅವ್ವನ ಬಾಯಲ್ಲಿ ಅಪ್ಪನ ಎದುರಿಗೆ ಬಂದದ್ದು ಎಷ್ಟು ವರ್ಷದ ಮೇಲೋ. ಅಪ್ಪ ಕೈ ತೊಳೆಯದೆ ಎದ್ದು ಹೋದ.

ಮರುದಿನ ಮುಂಜಾನೆಯ ಬಸ್ಸಿಗೆ ಅವ್ವ, ನಾನು ಹೊರಟೆವು. ಅಪ್ಪ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಹೊನ್ನಿ ಅವ್ವನನ್ನು ನೋಡಿದಾಗ ಏನಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಅವ್ವ ಆಕೆಯ ಕೈ ಹಿಡಿದು ತಿರುಗಿಸಿ ನೋಡಿದಳು. ಸೋಡಾ, ಸಾಬೂನು ತಾಗಿ ಬೆರಳೆಲ್ಲ ಬಿರಿದಿದ್ದವು. ‘ಎಣ್ಣಿ ಹಚ್ಚಬಾರದೇನು?’ ಅಂದಳು. ಅಷ್ಟರಲ್ಲಿ ಹೊರಗೆ ಗದ್ದಲವಾಯಿತು.

ನಿಮ್ಮ ಸಿಂದಗಿ ತಾಲೂಕಿನ ಯಂಕಂಚಿಯವರು. ಚೊಚ್ಚಲ ಬಸುರಿ ಸೊಸೆಯನ್ನು ಕರೆತಂದಿದ್ದರು. ಜೊತೆಗೆ ಮಾವ, ಗಂಡ ಇಬ್ಬರೇ; ಹೆಂಗಸರು ಒಬ್ಬರೂ ಇಲ್ಲ. ಡಾಕ್ಟರು ಬಂದದ್ದನ್ನು ನೋಡಿ ಆ ಮಾವ ಬಾಗಿಲಲ್ಲೇ ಕೈ ಅಡ್ಡ ಹಿಡಿದ. ಅವ್ವ ಕುಳಿತಲ್ಲಿಂದ ಎದ್ದು ನಿಂತಳು. ಹೊನ್ನಿ ಹೋಗಿ ಆ ಮನುಷ್ಯನ ಎದುರು ನಿಂತಳು.

‘ಯಜಮಾನ್ರ, ನಾ ಹೆಣ್ಣಮಗಳು. ನಮ್ಮ ದೊಡ್ಡ ನರ್ಸಬಾಯಾರೂ ಹೆಣ್ಣಮಗಳು. ನಾವಿಬ್ರೂ ಒಳಗ ಇರ್ತೇವಿ. ಡಾಕ್ಟರು ಹೊರಗ ನಿಂತಿರ್ತಾರ. ನಮ್ಮ ಕೈಲೆ ಆಗಲಿಲ್ಲ ಅಂದ್ರ ಅವರು ಒಳಗ ಬರ್ತಾರ, ಆಗ ನೀವು ಹಾದಿ ಬಿಡಬೇಕು. ಹೂಂ ಅನ್ರಿ.’

ಅವನು ಹೂಂ ಅನ್ನಲಿಲ್ಲ. ಆದರೆ ಕೈ ಇಳಿಸಿದ. ಆ ಹುಡುಗಿ ‘ಯವ್ವಾ’ ಎಂದು ಚೀರಿದಳು. ಅವ್ವ ಯಾರನ್ನೂ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಒಳಗೆ ಹೋದಳು. ಹೊನ್ನಿ ತಡೆಯಲಿಲ್ಲ.

ನಾನು ಆ ಯಂಕಂಚಿಯ ಗಂಡಸರ ಜೊತೆ ಹೊರಗೆ ಬೇವಿನ ಗಿಡದ ಕೆಳಗೆ ಕೂತೆ. ಕೂಸು ಅತ್ತದ್ದು ಕೇಳಿದ ಮೇಲೂ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಹೊನ್ನಿ ಬಂದು ಇಬ್ಬರೂ ಕ್ಷೇಮ ಎಂದು ಹೇಳಿ, ನನ್ನ ಕಡೆ ತಿರುಗಿ, ‘ಅವ್ವ ಇವತ್ತ ಬರೂದಿಲ್ಲಂತ. ಎರಡ ದಿನ ಆಕಿ ಹತ್ರ ಇರ್ತಾಳಂತ’ ಅಂದಳು. ನಾನೊಬ್ಬನೇ ಬಸ್ಸು ಹತ್ತಿದೆ.

ಪರಪ್ಪನಿಗೆ ಇನ್ನೂ ಬರೆದಿಲ್ಲ. ಎರಡು ಸಲ ಕೂತೆ. ಕೊಲೆಗಾರ ಎಂದು ಬಾಯಿಬಿಟ್ಟು ಅಂದಿಲ್ಲ, ಅಂದದ್ದಕ್ಕಿಂತ ಏನೂ ಕಡಿಮೆಯಿಲ್ಲ. ಬಾಗೇವಾಡಿಯಲ್ಲಿ ತನ್ನ ತಂದೆತಾಯಿಗೂ ಅವನು ಈಗಷ್ಟೇ ಹೇಳಿದ್ದಾನಂತೆ, ಅಲ್ಲಿ ಏನಾಯಿತೋ ತಿಳಿಯದು. ಈ ಭಾನುವಾರ ಮುದ್ದೇಬಿಹಾಳಕ್ಕೆ ನಾನೇ ಹೋಗಬೇಕೆಂದಿದ್ದೇನೆ. ನೀನೂ ಜೊತೆಗೆ ಬಂದರೆ ನನಗೆ ಮಾತು ಶುರುಮಾಡಲು ಸುಲಭವಾದೀತು.

ಅಂದು ಊರು ಮುಟ್ಟಿದಾಗ ಅಪ್ಪ ಅದೇ ಕಟ್ಟೆಯ ಮೇಲೆ ಕೂತಿದ್ದ. ‘ನಿಮ್ಮವ್ವ ಎಲ್ಲಿ?’ ಅಂದ.

‘ಅಲ್ಲೇ ಅದಾಳ. ಯಂಕಂಚಿಯಾಕಿ ಒಬ್ಬಾಕಿ ಹಡಿಯಾಕ ಬಂದಿದ್ಲು. ಅವ್ವ ಆಕಿ ಕೈ ಹಿಡಕೊಂಡು ಕುಂತಿದ್ಲು.’

ನಾನು ಚಪ್ಪಲಿ ಬಿಟ್ಟು ಕಾಲಿಗೆ ನೀರು ಹಾಕಿಕೊಂಡು ಹೊಸ್ತಿಲು ದಾಟುತ್ತಿದ್ದೆ. ಹಿಂದಿನಿಂದ ದನಿ ಬಂತು. ಅಪ್ಪನ ದನಿ ಅನ್ನಿಸಲಿಲ್ಲ.

‘ಉಳದಳೇನು?’

ನಾನು ತಿರುಗಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ.

‘ಉಳದಾಳಪ್ಪ. ಕೂಸೂ ಆರಾಮ ಐತಿ’ ಅಂದೆ.

ಅಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ನಿನ್ನ
ಬಸಂತರಾಯ